ಆಣೆ ಇಲ್ಲದ ಕೋಣೆ

ಹುಮನಾಬಾದಿನ ಬಸ್ಸಿನಲ್ಲಿ ಭಾಗಮ್ಮ ಗಂಡನನ್ನು ಕಿಟಕಿಯ ಕಡೆ ಕೂಡಿಸಿ, ಹೊರಗಿನ ಸೀಟಿನಲ್ಲಿ ತಾನು ಕಾವಲು ಕೂತಿದ್ದಳು. ಬಸ್ಸು ನಿಂತಲ್ಲೆಲ್ಲ ಒಂದು ವೈನ್ ಶಾಪು ಇದ್ದೇ ಇರುತ್ತದೆ; ಇಳಿಯಬೇಕೆಂದರೆ ಸತೀಶಕುಮಾರ ಅವಳನ್ನು ದಾಟಿಯೇ ಇಳಿಯಬೇಕು. ಬಸವಕಲ್ಯಾಣದಲ್ಲಿ ಲಾರಿ ಇಂಜಿನ್ ರಿಪೇರಿಗೆ ಎತ್ತಿದ ಕೈ ಎನಿಸಿಕೊಂಡವನು ಈಗ ಆ ಕೈ ನಡುಗುವುದು ಕಾಣದಂತೆ ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ.

ಅವಳ ಮಡಿಲಲ್ಲಿ ಒಂದು ಚೀಲ. ಅದರೊಳಗೆ ಎರಡು ಸೀರೆ, ಸೀರೆಯ ಮಡಿಕೆಯಲ್ಲಿ ಗಂಡನ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ. ಅವನು ಅದನ್ನು ಕೊರಳಿಂದ ತೆಗೆದು ದೇವರ ಜಗಲಿಯ ಮೇಲಿಟ್ಟು ವರ್ಷವಾಗುತ್ತ ಬಂದಿತ್ತು. ಇವತ್ತು ಕುಡಿತ ಬಿಟ್ಟವರ ಕೂಟದಲ್ಲಿ ನಾಲ್ಕು ಜನರ ಮುಂದೆ ಅದನ್ನು ಮುಟ್ಟಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಬೇಕು. ಮಾಡದಿದ್ದರೆ ಅವಳು ಹುಮನಾಬಾದಿನಿಂದಲೇ ಮನ್ನಾಏಖೇಳ್ಳಿಯ ತವರಿಗೆ ಹೋಗುವವಳು, ಮತ್ತೆ ಬರುವವಳಲ್ಲ. ಮಗಳು ಐಶ್ವರ್ಯಳನ್ನು ನಿನ್ನೆಯೇ ಅಲ್ಲಿಗೆ ಕಳಿಸಿಯಾಗಿತ್ತು. ಕುಡುಕನ ಮಾತು ಬೆಳಗಾದರೆ ಹೋಯಿತು ಎನ್ನುತ್ತಾರೆ. ಸತೀಶನ ಮಾತು ಅಷ್ಟು ಹೊತ್ತೂ ಬಾಳುತ್ತಿರಲಿಲ್ಲ.

ಈ ಕೂಟದ ಸುದ್ದಿ ತಂದವಳು ಪಕ್ಕದ ಮನೆಯ ಮುನ್ನಿ ಬೀ. ಬಳೆ ತೊಡಿಸುತ್ತ, ತನ್ನ ತಮ್ಮನ ಕತೆ ಹೇಳಿದ್ದಳು. “ನಮ್ಮ ಯುನೂಸನೂ ಹಿಂಗೇ ಇದ್ದ. ಈಗ ಐತವಾರಕ್ಕೊಮ್ಮೆ ಹುಮನಾಬಾದ ಸಾಲಿ ಹಿಂದಿನ ಕೋಣ್ಯಾಗ ಕುಡಿಯೋದು ಬಿಟ್ಟೋರ ಜೋಡಿ ಕೂಡ್ತಾನ. ಈ ಸಲ ಮನಿಯವರೂ ಬರಬಹುದಂತ. ಊರು ಬ್ಯಾರೆ, ಯಾರ ನೋಡ್ತಾರ?”

ಹುಮನಾಬಾದಿನ ನಿಲ್ದಾಣದಲ್ಲಿ ಇಳಿದದ್ದೇ ತಡ, “ಒಂದಕ್ಕ ಹೋಗಿ ಬರ್ತೀನಿ” ಎಂದು ಸತೀಶ ಮೂಲೆಯ ಕಡೆ ಹೋದ. ಬರಲಿಲ್ಲ. ಅವಳು ಗಂಡಸರ ಬಾಗಿಲ ತನಕ ಹೋಗಿ ನಿಂತಳು. ಅಲ್ಲಿಂದ ರಸ್ತೆಗೆ ಇನ್ನೊಂದು ಗೇಟಿರುವುದು ಆಗ ಕಂಡಿತು. ಆ ಗೇಟಿನಿಂದಲೇ ಅವನು ಬೆವರುತ್ತ ಬಂದ. ಭಾಗಮ್ಮ ಜನ ನೋಡುತ್ತಾರೆಂಬುದನ್ನೂ ಲೆಕ್ಕಿಸದೆ ಅವನ ಬಾಯಿಗೆ ಮೂಗು ಹಿಡಿದಳು. ವಾಸನೆ ಇರಲಿಲ್ಲ.

“ಅಂಗಡಿ ತನಾ ಹೋಗಿದ್ದೆ,” ಎಂದ.

“ಮತ್ತ?”

“ಹೊಳ್ಳಿ ಬಂದೆ.”

ಶಾಲೆಯ ಕೋಣೆಯಲ್ಲಿ ಮಕ್ಕಳ ಬೆಂಚುಗಳ ಮೇಲೆ ದೊಡ್ಡ ದೊಡ್ಡ ಗಂಡಸರು ಮೊಣಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದರು. “ಬರ್ರಿ ವೈನಿ,” ಎಂದು ಸ್ವಂತ ಅತ್ತಿಗೆಯನ್ನು ಕರೆದಂತೆ ಕರೆದು ಜಾಗ ಮಾಡಿಕೊಟ್ಟವನೇ ಯುನೂಸ್. ಮಾತು ಶುರು ಮಾಡಿದವನೂ ಅವನೇ. “ನಾನು ಯುನೂಸ್. ನನಗ ಕುಡಿತದ ರೋಗ ಅದ. ಇವತ್ತ ಕುಡದಿಲ್ಲ.”

ಭಾಗಮ್ಮನಿಗೆ ತಡೆಯಲಾಗಲಿಲ್ಲ. ಕರಡಿಗೆ ತೆಗೆದು ಗಂಡನ ಮುಂದೆ ಬೆಂಚಿನ ಮೇಲಿಟ್ಟಳು. “ಮುಟ್ರಿ. ಇವರೆಲ್ಲಾರ ಮುಂದ ಆಣಿ ಮಾಡ್ರಿ.”

ಸತೀಶ ಮುಟ್ಟಲಿಲ್ಲ. ಯುನೂಸ್ ಮೆಲ್ಲಗೆ ಹೇಳಿದ. “ವೈನಿ, ತಪ್ಪ ತಿಳಕೋಬ್ಯಾಡ್ರಿ. ಇಲ್ಲಿ ಆಣಿ ಮಾಡಸಂಗಿಲ್ಲ. ಆಣಿ ಮಾಡಿ ಮಾಡೇ ನಾವೆಲ್ಲಾ ಇಲ್ಲಿಗಿ ಬಂದೀವಿ.”

“ಮತ್ತ ಚಾ ಕುಡಸಾಕ ಕರದೀರೇನು?” ಭಾಗಮ್ಮ ಕರಡಿಗೆಯನ್ನು ಚೀಲಕ್ಕೆ ತುರುಕಿ ಎದ್ದು ನಿಂತಳು. ಅವಳ ಪಾಲಿಗೆ ಎಲ್ಲ ಮುಗಿದಿತ್ತು.

ಆಗ ಸತೀಶ ಬಾಯಿ ಬಿಟ್ಟ. ಅವಳ ಕಡೆ ನೋಡಲಿಲ್ಲ. ನೆಲ ನೋಡುತ್ತಲೇ ಹೇಳಿದ. “ಹ್ವಾದ ವರ್ಷ ಮಗಳ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡ್ದೆ. ವಾರದಾಗೇ ಕುಡದೆ. ಅದರ ಹಿಂದೇ ಕೂಸಿಗಿ ಡೆಂಗಿ ಬಂತು. ಆಣಿ ಮುರದು ನಾನೇ ಅದನ್ನ ತಂದಿಟ್ಟಂಗ ಅನಸ್ತು. ದಿನಾ ದವಾಖಾನಿ ಗೇಟ ತನಾ ಹೋಗ್ತಿದ್ದೆ. ಒಳಗ ಕಾಲ ಇಡಾಕ ಆಗ್ತಿದ್ದಿಲ್ಲ. ಹೊಳ್ಳಿ ಹೋಗಿ ಮತ್ತ ಕುಡೀತಿದ್ದೆ. ಆವಾಗೇ ಲಿಂಗ ತಗದಿಟ್ಟೆ. ಏನ ಮುಟ್ಟಿ ಏನ ಹೇಳ್ಲಿ ನಾನು?”

ಭಾಗಮ್ಮ ನಿಂತಲ್ಲೇ ನಿಂತಳು. ಒಲ್ಲೆ ಒಲ್ಲೆ ಎಂದವನ ಕೈ ಹಿಡಿದೆಳೆದು ಮಗಳ ತಲೆಯ ಮೇಲೆ ಇಡಿಸಿದವಳು ಅವಳೇ. ಮಗಳಿಗಿಂತ ಬಾಟಲಿಯೇ ಹೆಚ್ಚಾಯಿತು, ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ ಎಂದು ತವರೆಲ್ಲ ಹೇಳಿಕೊಂಡು ಬಂದವಳೂ ಅವಳೇ. ಅವಳಿಗೆ ನಾಚಿಕೆಯಾಯಿತು. ಹಾಗೆಂದು ಸಿಟ್ಟೇನೂ ಇಳಿಯಲಿಲ್ಲ. ಡೆಂಗಿಗಿಂತ ಮೊದಲು ಅಷ್ಟು ವರ್ಷ ಕುಡಿದದ್ದಕ್ಕೆ ಯಾರ ಆಣೆ ಕಾರಣ?

“ಇವತ್ತ ಹ್ಯಾಂಗ?” ಯುನೂಸ್ ಕೇಳಿದ.

“ಇವತ್ತ ಕುಡಿಯಂಗಿಲ್ಲ,” ಸತೀಶ ಎಂದ. “ನಾಳಿದು ನನಗ ಗೊತ್ತಿಲ್ಲ.”

ಸಾಯುವ ತನಕ ಮುಟ್ಟುವುದಿಲ್ಲ ಎಂಬ ಮಾತನ್ನು ಭಾಗಮ್ಮ ಬೇಸರ ಬರುವಷ್ಟು ಕೇಳಿದ್ದಳು. ನಾಳೆಯದು ಗೊತ್ತಿಲ್ಲ ಎಂಬುದನ್ನು ಅವನ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಇಷ್ಟು ಸಣ್ಣ ಮಾತನ್ನು ನಂಬಿಕೊಂಡು ಸಂಸಾರ ಹ್ಯಾಗೆ ಮಾಡುವುದೋ ಅವಳಿಗೆ ತಿಳಿಯಲಿಲ್ಲ. ಆದರೆ ಸುಳ್ಳು ಎನ್ನಲೂ ಬರಲಿಲ್ಲ.

ನಿಲ್ದಾಣಕ್ಕೆ ಬಂದಾಗ ಮನ್ನಾಏಖೇಳ್ಳಿಯ ಬಸ್ಸು ಹೊರಡಲು ತಯಾರಾಗಿತ್ತು. ಸತೀಶ ತಡೆಯಲಿಲ್ಲ. “ಹತ್ತು. ಕೂಸು ಹಾದಿ ನೋಡಾಕತ್ತಿರ್ತದ,” ಎಂದಷ್ಟೇ ಹೇಳಿದ. ಭಾಗಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಹಿಂದಿನಿಂದ ಯಾರೋ ದಬ್ಬಿದರು, ಕಂಡಕ್ಟರ್ “ಜಲ್ದಿ ಹತ್ತವಾ” ಎಂದ. ಅವಳು ಕಾಲು ಹಿಂದೆಗೆದಳು.

ಬಸ್ಸು ಹೋಯಿತು. ಸತೀಶ ಬಾಯಿ ತೆರೆಯುವ ಮೊದಲೇ ಅವಳು ಚೀಲವನ್ನು ಅವನ ಕೈಗಿತ್ತಳು. ಅವನು ಅದನ್ನು ಬಿಗಿಯಾಗಿ ಹಿಡಿದುಕೊಂಡ.

“ಇವತ್ತ ತವರಿಗಿ ಹೋಗಂಗಿಲ್ಲ,” ಎಂದಳು ಭಾಗಮ್ಮ. “ನಾಳಿದು ನನಗೂ ಗೊತ್ತಿಲ್ಲ.”