ಲೋಕಣ್ಣನ ಸ್ಪೀಡ್

ಡ್ರಮ್ಸ್ ಬಾರಿಸುವುದರಲ್ಲಿ ಲೋಕನಾಥ, ಅಂದರೆ ಲೋಕಣ್ಣ, ನಿಜಕ್ಕೂ ಗಟ್ಟಿಗನೇ ಎಂಬ ಪ್ರಶ್ನೆಗೆ ನಮ್ಮ ಊರು ಬಂದ್ಯೋಡಿನಲ್ಲಿ ಮೂರು ಉತ್ತರಗಳಿವೆ. ಮೂರನ್ನೂ ಹೇಳುವವರು ನನ್ನ ಅಂಗಡಿಗೆ ಮಿಕ್ಸಿ, ಫ್ಯಾನು ರಿಪೇರಿಗೆ ತರುವವರೇ. ಹಾಗಾಗಿ ನಾನು ಎಲ್ಲದಕ್ಕೂ ತಲೆಯಾಡಿಸಿ ಕೆಲಸ ನೋಡಿಕೊಳ್ಳುತ್ತಿದ್ದೆ.

ನನ್ನ ಪ್ರಾಯದವರು, "ಅಂಥ ಕೈ ಈ ಊರಿಗೆ ಇನ್ನು ಬರಲಿಕ್ಕಿಲ್ಲ. ಕ್ಯಾಸೆಟ್ ಕೇಳಿ ನೋಡಿ, ಎಂಥ ಸ್ಪೀಡು" ಎನ್ನುತ್ತಾರೆ. ಲೋಕಣ್ಣನ ಬ್ಯಾಂಡಿನಲ್ಲೇ ಹಾಡುತ್ತಿದ್ದ ಪ್ರೇಮನಾಥ, "ಸ್ಪೀಡ್ ಅಲ್ಲ ಮಾರ್ರೆ, ಓಟ! ಅವನ ಹಿಂದೆ ಓಡಿ ಓಡಿ ನನ್ನ ಸ್ವರ ಹೆಂಗಸಿನ ಹಾಗೆ ಕೀರಲಾಯ್ತು" ಎಂದು ಇವತ್ತಿಗೂ ಗೊಣಗುತ್ತಾನೆ. ಈಗಿನ ಹುಡುಗರು ಆ ಕ್ಯಾಸೆಟ್ಟಿನ ಹಾಡುಗಳನ್ನು ಮೊಬೈಲಿಗೆ ಹಾಕಿಕೊಂಡು ಕೇಳಿ ಬೆಳೆದವರು. ಅವರ ಮಾತು ಚಿಕ್ಕದು: "ಆಗ ದೇವರು. ಈಗ ಮುಗಿಯಿತು."

ಮೂವರೂ ನಂಬಿದ್ದು ಆ ಒಂದು ಕ್ಯಾಸೆಟ್ಟನ್ನು. ಅದನ್ನು ಮಾಡಿದವನು ನಾನು.

ಎಂಬತ್ತೇಳರಲ್ಲಿ ಉಪ್ಪಳದ ಶಾಲೆಯ ಮೈದಾನದಲ್ಲಿ 'ಥಂಡರ್ಸ್' ಎಂಬ ನಾಲ್ಕು ಜನರ ರಾಕ್ ಬ್ಯಾಂಡ್ ಕಾರ್ಯಕ್ರಮ ಕೊಟ್ಟಿತು. ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು, ಅಲ್ಲಿನ ಬ್ಯಾಂಡಿನವರ ಡ್ರಮ್ಸ್ ಒರೆಸುತ್ತ ಒರೆಸುತ್ತ ಕಲಿತು ಬಂದವನು ಲೋಕಣ್ಣ. ನನ್ನದು ಆಗ ಕ್ಯಾಸೆಟ್ ಅಂಗಡಿ. ಅರುವತ್ತಾರು ನಿಮಿಷದ ಕಾರ್ಯಕ್ರಮವನ್ನು ಪೂರ್ತಿ ರೆಕಾರ್ಡ್ ಮಾಡಿದೆ. ಆದರೆ ಗಲ್ಫಿಗೆ ಹೋಗುವವರಿಗೆಲ್ಲ ಬೇಕಾದದ್ದು ಅರುವತ್ತು ನಿಮಿಷದ ಕ್ಯಾಸೆಟ್. ತೊಂಬತ್ತು ನಿಮಿಷದ್ದು ತೆಳು ಟೇಪು, ಅಲ್ಲಿನ ಸೆಕೆಗೆ ಕಾರಿನ ಪ್ಲೇಯರಿಗೆ ಸುತ್ತಿಕೊಳ್ಳುತ್ತದೆ ಎಂದು ಅವರ ದೂರು. ಒಂದು ಹಾಡು ಬಿಟ್ಟರೂ ಜಗಳ. ನಾನು ಉಪಾಯ ಮಾಡಿದೆ. ಟೇಪ್ ರೆಕಾರ್ಡರಿನ ಮೋಟರಿನ ಹಿಂದೆ ಒಂದು ತೂತು ಇರುತ್ತದೆ, ಒಳಗೊಂದು ಸ್ಕ್ರೂ. ಅದನ್ನು ತುಸು ತಿರುಗಿಸಿ ಮೂಲ ಟೇಪನ್ನು ಜೋರಾಗಿ ಓಡಿಸಿ ಕಾಪಿ ತೆಗೆದೆ. ಅರುವತ್ತಾರು ನಿಮಿಷ ಅರುವತ್ತರೊಳಗೆ ಕೂತಿತು. ಕಾಪಿಗಳು ದುಬೈ, ಮಸ್ಕತ್, ಬೊಂಬಾಯಿ ಎಲ್ಲ ಕಡೆ ಹೋದವು. ಮೂಲ ಟೇಪಿಗೆ ಮುಂದಿನ ಮಳೆಗಾಲದಲ್ಲಿ ಬೂಸ್ಟು ಬಂದು ಎಸೆದೆ. ಜನ ಲೋಕಣ್ಣನ ಸ್ಪೀಡನ್ನು ಹೊಗಳಲು ಸುರು ಮಾಡಿದಾಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ವ್ಯಾಪಾರ ಚೆನ್ನಾಗಿತ್ತು, ಅವನಿಗೂ ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ.

ಕಳೆದ ತಿಂಗಳು ಲೋಕಣ್ಣ ತನ್ನ ಹಳೆಯ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬಂದ. ಅವನಿಗೀಗ ಅರುವತ್ತೆಂಟು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು, ಎಣ್ಣೆಯ ವಾಸನೆ.

"ಎಂತಾಯ್ತು ಲೋಕಣ್ಣ ಕೈಗೆ?"

"ಪ್ರಾಕ್ಟೀಸ್. ಊರಿನ ಯುವಕ ಸಂಘದ ವಾರ್ಷಿಕೋತ್ಸವ ಉಂಟಲ್ಲ, ನಮ್ಮ ಲಾರಿ ಪದ್ಯ ಬಾರಿಸುವುದು ಅಂತ." ತುಳುವಿನಲ್ಲಿ ಲಾರಿ ಡ್ರೈವರನ ಮೇಲೆ ಅವರೇ ಕಟ್ಟಿದ ಹಾಡು ಅದು. "ಸಂಘದ ಹುಡುಗ ಧನರಾಜ್ ಹೇಳಿದ, ಅಂಕಲ್ ಟೇಪಿನಲ್ಲಿದ್ದ ಹಾಗೆ ಬಾರಿಸಿದರೆ ಬಾರಿಸಿ, ಕಷ್ಟ ಆದರೆ ಬೇಡ, ನಿಮಗೆ ಸನ್ಮಾನ ಇಟ್ಟುಕೊಳ್ಳುವ ಅಂತ."

"ಸನ್ಮಾನ ಒಳ್ಳೆಯದೇ ಅಲ್ವಾ?"

"ಎಂಥ ಒಳ್ಳೆಯದು? ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಕುರ್ಚಿಯಲ್ಲಿ ಕೂರಿಸ್ತಾರೆ. ಮತ್ತೆ ಆ ಕುರ್ಚಿಯಿಂದ ಯಾರೂ ಎಬ್ಬಿಸುವುದಿಲ್ಲ ಹರಿ." ಟೇಪನ್ನು ಮೇಜಿನ ಮೇಲಿಟ್ಟ. "ಇದರ ಬೆಲ್ಟ್ ಲೂಸ್ ಆಗಿದೆ, ಮಧ್ಯೆ ಮಧ್ಯೆ ನಿಲ್ತದೆ. ಸರಿ ಮಾಡಿ ಕೊಡು. ಅದರ ಜೊತೆ ಬಾರಿಸಿದರೆ ನನ್ನ ಕೈ ನಾಲ್ಕನೇ ಸಾಲಿಗೇ ಬಿದ್ದುಹೋಗ್ತದೆ. ಎಲ್ಲಿ ಹೋಯ್ತೋ ಆ ಕೈ."

ಅಷ್ಟು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಗೋಡೆಗೆ ನೇತುಹಾಕಿದ್ದ ಫ್ಯಾನಿನ ರೆಕ್ಕೆ ನೋಡಿದ.

ಆಗಲೇ ಹೇಳಬೇಕಿತ್ತು. ನಾನು ಮತ್ತೆ ಉಪಾಯವೇ ಮಾಡಿದೆ. ಹೊಸ ಬೆಲ್ಟ್ ಹಾಕಿ, ಹಿಂದಿನ ಸ್ಕ್ರೂವನ್ನು ಹತ್ತರಲ್ಲಿ ಒಂದು ಪಾಲು ಕಡಿಮೆ ಓಡುವಂತೆ ತಿರುಗಿಸಿದೆ. ಅಂದು ಮೈದಾನದಲ್ಲಿ ಬಾರಿಸಿದ್ದೆಷ್ಟೋ ಅಷ್ಟೇ ಕೇಳುವಂತೆ ಮಾಡಿ, ಒಂದು ಮಾತೂ ಆಡದೆ ಕೊಟ್ಟೆ.

ಮೂರನೇ ದಿನ ಬೆಳಿಗ್ಗೆ ಫೋನು. "ಹರಿ, ಕೈ ವಾಪಸ್ ಬಂತು ಮಾರಾಯ! ಸುರುವಿನಿಂದ ಕೊನೆವರೆಗೆ ಬಾರಿಸಿದೆ. ರಾಜೀವಿ ಅಡುಗೆ ಬಿಟ್ಟು ಬಂದು ನಿಂತಳು. ಪ್ರೇಮನಾಥನ ಸ್ವರವೂ ದಪ್ಪ ಕೇಳಿತು, ಹೊಸ ಬೆಲ್ಟಿನ ಗುಣ ಇರಬೇಕು. ನಾಡಿದ್ದು ರಿಹರ್ಸಲ್, ನೀನು ಬರಲೇಬೇಕು."

ಸಂಘದ ಮಾಳಿಗೆಯಲ್ಲಿ ಸಂಜೆ ನಾಲ್ಕಕ್ಕೆ ರಿಹರ್ಸಲ್. ಲೋಕಣ್ಣನ ಹೆಂಡತಿ ರಾಜೀವಿ ಬಾಗಿಲ ಹತ್ತಿರ ಕೂತಿದ್ದಳು. ಹಾಡಲು ಪ್ರೇಮನಾಥನೂ ಬಂದಿದ್ದ. ಧನರಾಜ್ ಒಳ್ಳೆಯ ಹುಡುಗ, ಸ್ವತಃ ಡ್ರಮ್ಸ್ ಬಾರಿಸುವವನು. ಮೊಬೈಲನ್ನು ದೊಡ್ಡ ಸ್ಪೀಕರಿಗೆ ಸಿಕ್ಕಿಸಿ, "ಅಂಕಲ್, ಇದರ ಜೊತೆಗೇ ಹೋಗುವ" ಎಂದ.

ಲಾರಿ ಪದ್ಯ ಹಳೆಯ ಕ್ಯಾಸೆಟ್ಟಿನ ವೇಗದಲ್ಲಿ ಹೊರಟಿತು. ಲೋಕಣ್ಣ ನಗುತ್ತ ಸುರು ಮಾಡಿದವನು ಎರಡನೇ ಸಾಲಿಗೆ ಹಿಂದುಳಿದ. ಹಿಡಿಯಲು ಹೋದ. ಮತ್ತೆ ಹಿಂದುಳಿದ. ಕೋಲು ಕೈಜಾರಿ ನೆಲಕ್ಕೆ ಬಿತ್ತು. ಸ್ಪೀಕರಿನಲ್ಲಿ ಮೂವತ್ತೊಂದು ವರ್ಷದ ಲೋಕಣ್ಣ ಗಡಗಡ ಬಾರಿಸುತ್ತಲೇ ಇದ್ದ.

"ಪರವಾಗಿಲ್ಲ ಅಂಕಲ್," ಧನರಾಜ್ ಮೆಲ್ಲಗೆ ಹೇಳಿದ. "ಸನ್ಮಾನವೇ ಗ್ರ್ಯಾಂಡಾಗಿ ಮಾಡುವ."

"ಮನೆಯಲ್ಲಿ ಬಂದಿತ್ತು," ಎಂದ ಲೋಕಣ್ಣ. "ದೇವರಾಣೆ ಬಂದಿತ್ತು." ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀನೇ ಹೇಳು."

ನನಗೆ ಕೂರಲಾಗಲಿಲ್ಲ. ಎದ್ದು ನಿಂತು ಸ್ಕ್ರೂವಿನ ವಿಷಯ ಹೇಳಿದೆ. ಅರುವತ್ತಾರು ನಿಮಿಷ, ಗಲ್ಫಿನವರ ಕಾರು, ಎಲ್ಲ.

ಮೊದಲು ಬಾಯಿ ಬಿಟ್ಟವನು ಪ್ರೇಮನಾಥ. "ಹಾಗಾದರೆ ನನ್ನ ಸ್ವರ?"

"ಅದೂ ಸ್ಕ್ರೂವೇ."

"ಅಯ್ಯೋ ಪಾಪಿ! ಮೂವತ್ತೇಳು ವರ್ಷ ನನಗೆ ಪ್ರೇಮಕ್ಕ ಪ್ರೇಮಕ್ಕ ಅಂತ ಹೇಳ್ತಾರೆ ಈ ಊರಿನವರು!"

ಸಂಘದ ಹುಡುಗರು ನಕ್ಕರು. ಲೋಕಣ್ಣ ನಗಲಿಲ್ಲ.

"ನನ್ನ ಟೇಪಿನ ಸ್ಕ್ರೂವನ್ನೂ ತಿರುಗಿಸಿದ್ದಾ? ಈಗ?"

"ಹೂಂ."

"ಅಂದರೆ ಕೈ ವಾಪಸ್ ಬಂದದ್ದಲ್ಲ."

"ಹೋದದ್ದೇ ಅಲ್ಲ ಲೋಕಣ್ಣ."

"ಜನ ಸ್ಪೀಡು ಸ್ಪೀಡು ಅನ್ನುವಾಗ ನಾನೂ ನಂಬಿದೆ," ಎಂದ ಲೋಕಣ್ಣ. "ಮಕ್ಕಳಿಗೂ ಹಾಗೇ ಹೇಳಿದೆ. ನಾನು ಹಾಗೆ ಇರಲೇ ಇಲ್ಲವಾ?"

ಧನರಾಜ್ ಅಷ್ಟರಲ್ಲಿ ಮೊಬೈಲಿನಲ್ಲಿ ಏನೋ ಒತ್ತಿ ಹಾಡನ್ನು ನಾನು ಹೇಳಿದಷ್ಟು ನಿಧಾನ ಮಾಡಿ ಹಾಕಿದ. ಪ್ರೇಮನಾಥನ ಗಂಡುಸ್ವರ ಕೋಣೆ ತುಂಬಿತು. ಧನರಾಜ್ ಸ್ಪೀಕರಿಗೆ ಕಿವಿ ಕೊಟ್ಟು ನಿಂತಿದ್ದ. ಒಂದು ತುಂಡನ್ನು ಹಿಂದೆ ತಂದು ಮತ್ತೆ ಹಾಕಿದ. ಮೂರನೇ ಸಲವೂ ಹಾಕಿದ.

"ಅಂಕಲ್, ದೊಡ್ಡ ಪೆಟ್ಟುಗಳ ಮಧ್ಯೆ ಎಡಗೈಯಲ್ಲಿ ಸಣ್ಣ ಸಣ್ಣದು ಎಂತದು ಇದು? ಇಷ್ಟು ವರ್ಷ ನಮಗೆ ಕೇಳಲೇ ಇಲ್ಲ. ಸ್ಪೀಡಿನಲ್ಲಿ ಎಲ್ಲ ಅಂಟಿಹೋಗಿತ್ತು."

"ಅದು ಲಾರಿಯ ಹಿಂದಿನ ಸರಪಳಿ," ಎಂದ ಲೋಕಣ್ಣ. "ಹೊಂಡಕ್ಕೆ ಬಿದ್ದಾಗ ಅಲುಗಾಡ್ತದಲ್ಲ, ಅದು. ಹೊಡೆಯುವುದಲ್ಲ, ಕೋಲನ್ನು ಬೀಳಲಿಕ್ಕೆ ಬಿಡುವುದು."

"ತೋರಿಸಿ."

ಹುಡುಗ ಬಗ್ಗಿ ನೆಲದ ಕೋಲು ಎತ್ತಿ ಕೊಟ್ಟ. ಲೋಕಣ್ಣ ತೋರಿಸಿದ. ಧನರಾಜ್ ಪ್ರಯತ್ನಿಸಿದ, ಬರಲಿಲ್ಲ. "ಮುಷ್ಟಿ ಬಿಗಿ ಮಾಡಬೇಡ ಮಾರಾಯ, ಕೋಳಿಮರಿ ಹಿಡಿದ ಹಾಗೆ ಹಿಡಿ," ಎಂದು ಅವನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ. ಸನ್ಮಾನದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ನಾನು ಮೆಟ್ಟಿಲಿಳಿಯಲು ಹೊರಟಾಗ ರಾಜೀವಿ ತಡೆದಳು. "ಮೈದಾನದಲ್ಲಿ ನಾನೂ ಇದ್ದೆ. ಅಷ್ಟು ಸ್ಪೀಡ್ ಇರಲಿಲ್ಲ ಅಂತ ನನಗೆ ಗೊತ್ತುಂಟು. ಹೆಂಡತಿಯನ್ನು ಯಾರು ಕೇಳ್ತಾರೆ? ನಾಳೆ ಮನೆಗೆ ಬನ್ನಿ. ಇವರ ಹತ್ತಿರ ಬೈಗುಳ ಉಂಟು, ನನ್ನ ಹತ್ತಿರ ಊಟ ಉಂಟು."

ಹೋದೆ. ಎರಡೂ ಹೊಟ್ಟೆ ತುಂಬ ಸಿಕ್ಕಿತು.

ಭಾನುವಾರ ಸಂಜೆ ಆರಕ್ಕೆ ವಾರ್ಷಿಕೋತ್ಸವದ ವೇದಿಕೆಯಲ್ಲಿ ಲೋಕಣ್ಣ ಡ್ರಮ್ಸಿನ ಹಿಂದೆ ಕೂತ. ತನ್ನ ಅಳತೆಯಲ್ಲಿ ಹಾಡನ್ನು ತಾನೇ ಎಣಿಸಿ ಎತ್ತಿದ. ಮಧ್ಯೆ ಒಂದು ಕಡೆ ಕೈ ತಪ್ಪಿತು, ತಪ್ಪಿದ್ದಕ್ಕೆ ನಕ್ಕು ಮುಂದೆ ಹೋದ. ಧನರಾಜ್ ಪಕ್ಕದಲ್ಲಿ ನಿಂತು ಆ ಎಡಗೈಯನ್ನೇ ನೋಡುತ್ತಿದ್ದ. ನನ್ನ ಹಿಂದಿನ ಸಾಲಿನಲ್ಲಿ ಪೆರ್ಲದ ಕಡೆಯವರೊಬ್ಬರು ಪಕ್ಕದವರಿಗೆ, "ಚಂದ ಉಂಟು. ಆದರೆ ಪ್ರಾಯ ಆಯ್ತು ನೋಡಿ, ಕ್ಯಾಸೆಟ್ಟಿನ ಸ್ಪೀಡ್ ಇಲ್ಲ" ಎಂದರು.

ನಾನು ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡೆ. "ಆ ಸ್ಪೀಡ್ ಅವನದ್ದಲ್ಲ ಸ್ವಾಮಿ, ನನ್ನದು," ಎಂದು ಸುರು ಮಾಡಿದೆ.