ಕಾಗಿಣಾಕ್ಕ ಬಿಟ್ಟ ಮೇಣದ ತುಣುಕು

ಎದಿಯೊಳಗ ಗಂಟು ಆಗ್ಯದ ಅಂದ್ರ ನಮ್ಮ ಕಡೆ ಹೆಣ್ಣುಮಕ್ಕಳು ಬಾಯಿ ಬಿಡಂಗಿಲ್ಲ. ಹಲ್ಲು ನೋವು ಅಂತ ಓಣಿಗೆಲ್ಲಾ ಹೇಳತಾರ. ಮೊಣಕಾಲು ನೋವಿಗೆ ಹತ್ತು ಮಂದಿ ಹತ್ರ ಎಣ್ಣಿ ಕೇಳತಾರ. ಇದೊಂದು ಮಾತ್ರ ಸೆರಗಿನ್ಯಾಗ ಮುಚ್ಚಿಡತಾರ. ನನ್ನ ಸೊಸಿ ಪದ್ಮಶ್ರೀನೂ ನಾಕು ತಿಂಗಳು ಮುಚ್ಚಿಟ್ಟಿದ್ಲು.

ನಾ ಲೀಲಾಬಾಯಿ. ಮಳಖೇಡದ ಕನ್ನಡ ಸಾಲಿಯೊಳಗ ಇಪ್ಪತ್ತಾರು ವರ್ಷ ಪಾಠ ಹೇಳಿದಾಕಿ. ಮಡಿ-ಮೈಲಿಗಿ ಭಾಳ ನೋಡತೀನಿ, ಮಾತೂ ಭಾಳ ಆಡತೀನಿ. ಊರ ಮಂದಿಗೆ ಬುದ್ಧಿ ಹೇಳೋದು ನನಗೊಂದು ಚಟ. ಆದ್ರ ಈ ಕಥಿಯೊಳಗ ಬುದ್ಧಿಗೇಡಿ ಕೆಲಸ ಮಾಡಿದಾಕಿ ನಾನೇ. ಊರ ಮಹಿಳಾ ಸಂಘದ ಹೆಣ್ಣುಮಕ್ಕಳು "ನೀವೇ ಹೇಳ್ರಿ ಅಕ್ಕೋರ" ಅಂತ ಬೆನ್ನು ಹತ್ಯಾರ. ಅದಕ್ಕ ಹೇಳಲಿಕತ್ತೀನಿ.

ಅದು 2003ನೇ ಇಸ್ವಿ. ನಮ್ಮ ಊರ ಸರ್ಕಾರಿ ದವಾಖಾನಿ ನರ್ಸು ಸಾಬಮ್ಮ ಅವತ್ತು ನಮ್ಮ ಮನಿಗೆ ಬಂದಿದ್ಲು. ಪದ್ಮಾ ಕೈ ಎತ್ತಿ ಹಗ್ಗದ ಮ್ಯಾಲ ಅರಿವಿ ಹಾಕಲಿಕ್ಕೆ ತ್ರಾಸ ಪಡೋದು ಆಕಿ ಕಣ್ಣಿಗೆ ಬಿತ್ತು. ಒಳಗ ಕರಕೊಂಡು ಹೋಗಿ ಮುಟ್ಟಿ ನೋಡಿದ್ಲು. ಹೊರಗ ಬಂದು ನನಗ ನೇರ ಹೇಳಿದ್ಲು.

"ಅಕ್ಕೋರ, ನಾಳಿ ನಾಡದು ಅನಬ್ಯಾಡ್ರಿ. ಇವತ್ತೇ ಹೊಂಡ್ರಿ."

ಸಾಬಮ್ಮ ಅಂದ್ರ ತೆಪ್ಪದ ಸಿದ್ದಣ್ಣನ ಮಗಳು. ಕಾಗಿಣಾ ನದಿ ದಂಡಿ ಮ್ಯಾಲ ಹುಟ್ಟಿ ಬೆಳದಾಕಿ, ನನ್ನ ಹತ್ರನೇ ಅಕ್ಷರ ಕಲಿತಾಕಿ. ತೆಲುಗು ಬರತದ, ಹೈದರಾಬಾದಿನ ದೊಡ್ಡ ದವಾಖಾನಿ ಗೊತ್ತದ. ನನ್ನ ಮಗ ವಿಠ್ಠಲ್, ಪದ್ಮಾ, ಸಾಬಮ್ಮ, ನಾನು, ಹಿಂಗ ನಾಕು ಮಂದಿ ರೈಲು ಹತ್ತಿದ್ವಿ.

ಗಂಟು ಕ್ಯಾನ್ಸರಿಂದೇ ಇತ್ತು. ಆಪರೇಶನ್ನಿನ ಹಿಂದಿನ ದಿನ ಒಬ್ಬ ಹುಡುಗಿ ಕಾಗದ ಹಿಡ್ಕೊಂಡು ಬಂದ್ಲು, ತೆಲುಗಿನ್ಯಾಗ ಏನೇನೋ ಹೇಳಿದ್ಲು. ಸಾಬಮ್ಮ ಅದನ್ನ ನಮಗ ಬಿಡಿಸಿ ಹೇಳಿದ್ಲು.

"ಅಕ್ಕೋರ, ಗಂಟು ತೆಗದ ಮ್ಯಾಲ ಪರೀಕ್ಷಾಕ್ಕ ಬೇಕಾದಷ್ಟು ತೊಗೋತಾರ, ಉಳದದ್ದು ಒಗದು ಬಿಡತಾರ. ಒಗಿಯೋದು ಯಾಕ, ಅದರಾಗಿನ ಒಂದೆರಡು ತುಣುಕು ನಮ್ಮ ಬ್ಯಾಂಕಿನ್ಯಾಗ ಇಡತೀವಿ, ಒಪ್ಪತೀರೇನು ಅಂತ ಕೇಳಾಕತ್ಯಾಳ."

"ರೊಕ್ಕದ ಬ್ಯಾಂಕ್ ಗೊತ್ತದ, ರಕ್ತದ ಬ್ಯಾಂಕ್ ಗೊತ್ತದ. ಗಂಟಿನ ಬ್ಯಾಂಕ್ ಎಂಥಾದೇ ನಮ್ಮವ್ವಾ?"

"ರೋಗದ ಬಗ್ಗೆ ಸಂಶೋಧನಾ ಮಾಡಾಕ ಇಡೂ ಬ್ಯಾಂಕ್ ರಿ. ರಕ್ತ, ಗಂಟಿನ ತುಣುಕು ಎಲ್ಲಾ ಐಸ್ ಗಡ್ಡಿಗಿಂತ ತಣ್ಣಗ ಇಡತಾರ, ಇಲ್ಲಾ ಮೇಣದಾಗ ಹಾಕಿ ಇಡತಾರ. ವರ್ಷಗಟ್ಟಲೆ ಕೆಡಂಗಿಲ್ಲ. ಒಂದು ಔಷಧ ಯಾರಿಗಿ ಹತ್ತತದ, ಯಾರಿಗಿ ಹತ್ತಂಗಿಲ್ಲ ಅಂತ ತಿಳೀಬೇಕಾದ್ರ ಡಾಕ್ಟರ್ ಮಂದಿ ಇಂಥಾ ಸಾವಿರ ತುಣುಕು ನೋಡಬೇಕಾಗತದ."

"ನೋಡ್ಲಿ, ಯಾರು ಬ್ಯಾಡ ಅಂದಾರ? ನಮ್ಮದೇ ಯಾಕ?"

"ಯಾಕಂದ್ರ ನಮ್ಮದು ಅದರಾಗ ಇಲ್ರಿ. ನಮ್ಮ ದೇಶದಾಗ ಇಂಥಾ ಬ್ಯಾಂಕ್ ಇನ್ನೂ ಭಾಳ ಕಡಿಮಿ. ಇದ್ದವೂ ದೊಡ್ಡ ದೊಡ್ಡ ಶಹರದಾಗ ಅವ. ಮಳಖೇಡ, ಕುರಕುಂಟಾ, ಚಿಂಚೋಳಿ ಕಡಿ ಹೆಣ್ಣುಮಕ್ಕಳ ತುಣುಕು ಯಾರು ಇಟ್ಟಾರ? ನಮ್ಮ ಮಂದಿ ರೋಗ ನೋಡದನ ನಮ್ಮ ಮಂದಿಗಿ ಔಷಧ ಹೆಂಗ ಹುಡಕಬೇಕ್ರಿ?"

ಮಾತು ಖರೇ ಅನಸ್ತು. ಖರೇ ಅನಸಿದ್ದಕ್ಕೇ ನನಗ ಸಿಟ್ಟು ಬಂತು. ನನ್ನ ಹತ್ರ ಮಗ್ಗಿ ಕಲಿತಾಕಿ ನನಗ ಪಾಠ ಹೇಳಬೇಕೇನು?

"ಮಾರಿಕೊಂಡ್ರ?"

"ಮಾರಂಗಿಲ್ರಿ. ನಮ್ಮಿಂದ ಪೈಸಾ ತೊಗೊಳಂಗಿಲ್ಲ, ನಮಗೂ ಕೊಡಂಗಿಲ್ಲ."

"ಪದ್ಮಾನ ರೋಗ ಊರೆಲ್ಲಾ ಆದ್ರ? ನಾಳಿ ಆಕಿ ಮಗಳ ಮದವಿ ಮಾಡೋದದ."

"ತುಣುಕಿನ ಮ್ಯಾಲ ಹೆಸರು ಹಾಕಂಗಿಲ್ಲ, ನಂಬರ್ ಹಾಕತಾರ. ಹೆಸರು ಬ್ಯಾರೆ ಕಡಿ ಕೀಲಿ ಹಾಕಿ ಇಡತಾರ."

"ಒಲ್ಲೆ ಅಂದ್ರ ಆಪರೇಶನ್ ಸರಿ ಮಾಡತಾರೋ ಇಲ್ಲೋ?"

"ಅಯ್ಯ, ಒಲ್ಲೆ ಅಂದ್ರೂ ಅದೇ ಉಪಚಾರ ರಿ. ಇವತ್ತು ಹೂಂ ಅಂದು ನಾಳಿ ಒಲ್ಲೆ ಅನ್ನಾಕೂ ಬರತದ. ಇನ್ನೊಂದು ಮಾತು, ನಾ ಸುಳ್ಳು ಆಸಿ ಹಚ್ಚಂಗಿಲ್ಲ. ಇದರಿಂದ ಪದ್ಮಕ್ಕಗ ನೇರ ಲಾಭ ಅದ ಅಂತ ಖಾತ್ರಿ ಇಲ್ಲ. ಮುಂದ ಬರೂ ಹೆಣ್ಣುಮಕ್ಕಳಿಗಿ ಅದ."

ನನ್ನ ಪ್ರಶ್ನಿ ಮುಗದು ಹೋದ್ವು. ಹಠ ಮಾತ್ರ ಉಳೀತು. "ನಮ್ಮಲ್ಲಿ ಕಡದ ಉಗುರಾ, ಉದುರಿದ ಕೂದಲಾನೂ ಎಲ್ಲೆಂದ್ರಲ್ಲಿ ಬಿಡಂಗಿಲ್ಲ. ಮೈಯಾಗಿನ ತುಣುಕು ಪರಸ್ಥಳದಾಗ ಬಿಟ್ಟು ಬರಬೇಕೇನು? ಬ್ಯಾಡ ಅಂದ್ರ ಬ್ಯಾಡ!"

ಪದ್ಮಾ ಮಂಚದ ಮ್ಯಾಲ ಮಲಗಿದ್ಲು. ಮದವಿಯಾಗಿ ಬಂದ ಹದಿನಾಕು ವರ್ಷದಾಗ ನನಗ ಎದುರು ಮಾತಾಡದಾಕಿ ಅವತ್ತು ಎದ್ದು ಕೂತ್ಲು.

"ಅತ್ಯಾ, ಗಂಟು ನಂದು. ಸಹಿ ನಾ ಮಾಡತೀನಿ."

ಪೆನ್ನು ಇಸಗೊಂಡು ಮಾಡೇ ಬಿಟ್ಲು! ಸಾಬಮ್ಮ ನನ್ನ ಮುಖ ನೋಡಲಿಲ್ಲ, ಕಿಡಕಿ ನೋಡಿದ್ಲು. ನಾ ಒಂದು ವಾರ ಇಬ್ಬರ ಸಂಗಟನೂ ಮಾತು ಬಿಟ್ಟೆ.

ದೇವರ ದಯಾ, ಆಪರೇಶನ್ ಚಲೋ ಆತು. ಮುಂದಿನ ಔಷಧ ಗುಲಬರ್ಗಾದಾಗ ತೊಗೊಳೋದು ಅಂತ ಆತು. ಅದಕ್ಕ ದವಾಖಾನಿಯವರು ಕಾಗದ-ಪತ್ರ ಕೊಟ್ರು, ಸಂಗಟ ಒಂದು ಸಣ್ಣ ಮೇಣದ ತುಣುಕೂ ಕೊಟ್ರು. ಗಂಟಿನ ಚೂರು ಅದರೊಳಗ ಇರತದ, ಮುಂದ ಪರೀಕ್ಷಾ ಬೇಕಾದ್ರ ಇದರಿಂದನೇ ಮಾಡೋದು, ಜೋಪಾನ, ಅಂತ ವಿಠ್ಠಲನಿಗೆ ಹೇಳಿದ್ರಂತ. ಹೇಳೂ ಹೊತ್ತಿನ್ಯಾಗ ನಾ ಸಿಟ್ಟಿಲೆ ಹೊರಗ ಬೆಂಚಿನ ಮ್ಯಾಲ ಕೂತಿದ್ದೆ. ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಊರಿಗೆ ಬಂದು ಹದಿನೈದು ದಿನ ಆಗಿರಬೇಕು. ದೇವರ ಮನಿ ಪಕ್ಕದ ಗೂಡಿನ್ಯಾಗ ಒಂದು ಸಣ್ಣ ಸ್ಟೀಲ್ ಡಬ್ಬಿ ಕಂಡೆ.

"ಇದೇನೋ ವಿಠ್ಠಲ್ಯಾ?"

ಅಂವ ಆಫೀಸಿಗೆ ಹೊಂಟಿದ್ದ. ಚಪ್ಪಲಿ ಹಾಕ್ಕೋತ ಅಂದ, "ಪದ್ಮಾನ ಗಂಟಿನ ತುಣುಕು, ಅವ್ವಾ. ಇರ್ಲಿ ಅಲ್ಲೆ."

ಗ್ವಾಡಿ ಆಚಿಗೆ ಸಾಲಿಗ್ರಾಮ, ಈಚಿಗೆ ರೋಗದ ಗಂಟು! ಆ ಮನಿಯೊಳಗ ನೈವೇದ್ಯ ಹ್ಯಾಂಗ ಮಾಡೋದು? ಮರುದಿನ ಏಕಾದಶಿ. ಸ್ನಾನ ಮಾಡಿ, ಒದ್ದಿ ಸೀರಿ ಉಟ್ಟು, ಡಬ್ಬಿ ತೊಗೊಂಡು ಕಾಗಿಣಾಕ್ಕ ಹೋದೆ. ತುಳಸಿ ದಳ ಇಟ್ಟು, "ತಾಯೀ, ನನ್ನ ಸೊಸಿ ಪೀಡಾ ತೊಗೊಂಡು ಹೋಗು" ಅಂತ ಮೇಣದ ತುಣುಕು ನೀರಿಗೆ ಬಿಟ್ಟೆ. ಖರೇ ಹೇಳತೀನಿ, ಕೆಟ್ಟ ಮನಸ್ಸು ಇರಲಿಲ್ಲ. ಆಕಿ ಮ್ಯಾಲಿನ ಪ್ರೀತಿಯಿಂದನೇ ಬಿಟ್ಟೆ. ಡಬ್ಬಿ ತೊಳದು ಬೋರಲ ಹಾಕಿ ನಿರುಮ್ಮಳ ಆದೆ, ಯಾರಿಗೂ ಹೇಳಲಿಲ್ಲ.

ಐದಾರು ತಿಂಗಳು ಗುಲಬರ್ಗಾದ ಔಷಧ ನಡೀತು. ಪದ್ಮಾನ ಕೂದಲಾ ಹೋತು, ನಾಲಿಗಿ ರುಚಿ ಹೋತು. ಧೈರ್ಯ ಮಾತ್ರ ಹೋಗಲಿಲ್ಲ. ಔಷಧ ಮುಗದ ಮ್ಯಾಲ ಅಲ್ಲಿ ಡಾಕ್ಟರ್ ಅಂದ್ರು, "ದಿನಕ್ಕೊಂದು ಗುಳಗಿ ಅದ, ಐದು ವರ್ಷ ತೊಗೋಬೇಕು. ಅದು ಹತ್ತಿದ್ರ ಗಂಟು ತಿರಗಿ ಬರೂ ಭಯ ಭಾಳ ಕಡಿಮಿ. ಆದ್ರ ಎಲ್ಲಾ ಗಂಟಿಗೂ ಹತ್ತಂಗಿಲ್ಲ, ಪರೀಕ್ಷಾ ಮಾಡಿಯೇ ಹೇಳಬೇಕು. ಮೇಣದ ತುಣುಕು ತರ್ರಿ."

ಮನಿ ಎಲ್ಲಾ ಹುಡಕಿದ್ರು. ವಿಠ್ಠಲ್ ಗೂಡು ಬರಿದು ಮಾಡಿದ, ಪದ್ಮಾ ಟ್ರಂಕು ಸುರುವಿದ್ಲು. ನಾನೂ ಹುಡಕಿದಂಗ ಮಾಡಿದೆ. ಎಂಥಾ ನಾಚಿಕಿಗೇಡು! ಇಪ್ಪತ್ತಾರು ವರ್ಷ ಮಕ್ಕಳಿಗೆ "ಸುಳ್ಳು ಹೇಳಬಾರದು" ಅಂತ ಬರಸಿದಾಕಿ ನಾನು. ಸಂಜಿಗೆ ಸಾಬಮ್ಮನ ಮನಿಗೆ ಹೋಗಿ ಎಲ್ಲಾ ಹೇಳಿದೆ.

"ಅಕ್ಕೋರ, ಏನ್ ಮಾಡಿದ್ರಿ ಇದು!" ಅಂದ್ಲು. ಆಮ್ಯಾಲ ಅಪ್ಪನ ಕರದ್ಲು.

ಸಿದ್ದಣ್ಣ ನದಿಯಾಗ ಬಿದ್ದ ಬಿಂದಗಿ, ಬಳಿ ಎಲ್ಲಾ ಮುಳಗಿ ತಗದುಕೊಡಾಂವ. ಮರುದಿನ ಮುಂಜಾನಿ ನಾ ದಂಡಿ ಮ್ಯಾಲ ನಿಂತೆ, ಅಂವ ಮುಳಗಿದ. ಒಂದು ತಾಮ್ರದ ಗಿಂಡಿ ತಂದ, ಯಾರದೋ ಕಾಲುಂಗುರ ತಂದ. ಆಮ್ಯಾಲ ಬಿಟ್ಟದ್ದು ಏನಂತ ಕೇಳಿದ, ಹೇಳಿದೆ. ತಲಿ ಒರಸ್ಕೋತ ಅಂದ, "ಅಕ್ಕೋರ, ಬಿಟ್ಟದ್ದು ಮೇಣ ಅಂತೀರಿ. ಮೇಣ ಮುಳಗತದೇನ್ರಿ? ಅದು ಅವತ್ತೇ ತೇಲಿ ಭೀಮಾ ನದಿ ಸೇರಿರತದ. ಸಾಲಿ ಕಲಿಯದ ನನಗ ಗೊತ್ತದ ಇದು!"

ನಾ ಅಲ್ಲೇ ಮೆಟ್ಟಲ ಮ್ಯಾಲ ಕೂತು ಅತ್ತೆ. ಆಮ್ಯಾಲ ಮನಿಗೆ ಹೋಗಿ ಪದ್ಮಾನ ಮುಂದ ನಿಂತು ಹೇಳಿದೆ. "ನಿನ್ನ ತುಣುಕು ಕಾಗಿಣಾಕ್ಕ ಬಿಟ್ಟಾಕಿ ನಾನೇ, ಪದ್ಮಾ. ಬೈ ನನಗ."

ಆಕಿ ಬೈಲಿಲ್ಲ. ಸುರುವಿದ ಅರಿವಿ ಮಡಚಿ ಟ್ರಂಕಿನ್ಯಾಗ ಇಡಲಿಕತ್ತಿದ್ಲು. ಅದು ಬೈಗಳಕಿಂತ ತ್ರಾಸ ಆತು. ನನ್ನ ಸಂಗಟ ಬಂದು ಬಾಗಲದಾಗ ನಿಂತಿದ್ದ ಸಾಬಮ್ಮಗ ಒಮ್ಮಿಗೆ ನೆನಪಾತು.

"ಪದ್ಮಕ್ಕಾ, ಆಪರೇಶನ್ನಿನ ಹಿಂದಿನ ದಿನ ಸಹಿ ಮಾಡಿದ್ದಿ ನೋಡು, ಆ ಕಾಗದ ಎಲ್ಲ್ಯದ?"

ಕಾಗದ ಪದ್ಮಾನ ಮದವಿ ಸೀರಿ ಮಡಿಚಿನ್ಯಾಗ ಇತ್ತು. ಅದರ ಮ್ಯಾಲ ನಂಬರ್ ಇತ್ತು. ಸಾಬಮ್ಮ ಎಸ್.ಟಿ.ಡಿ. ಬೂತಿನಿಂದ ಹೈದರಾಬಾದಿಗೆ ಫೋನ್ ಹಚ್ಚಿದ್ಲು. ಎರಡು ದಿನಕ್ಕ ಉತ್ತರ ಬಂತು. ಬ್ಯಾಂಕಿನ್ಯಾಗ ಪದ್ಮಾಂದು ಮೇಣದಾಗಿನ ಇನ್ನೊಂದು ತುಣುಕು ಅದ, ಪದ್ಮಾ ಸ್ವತಃ ಬಂದು ಸಹಿ ಮಾಡಿದ್ರ ಪರೀಕ್ಷಾಕ್ಕ ಕೊಡತೀವಿ ಅಂದ್ರು.

ಮತ್ತ ರೈಲು ಹತ್ತಿದ್ವಿ. ಅಲ್ಲಿ ಡಾಕ್ಟರಮ್ಮ ಸಾಬಮ್ಮನ ಕೈಲೆ ನನಗ ಸಾಫ್ ಹೇಳಿಸಿದ್ರು, "ಇದು ನಿಮಗ ತಿರಗಿ ಕೊಡಲಿಕ್ಕೆ ಇಟ್ಟದ್ದಲ್ಲ, ಸಂಶೋಧನಾಕ್ಕ ಇಟ್ಟದ್ದು. ಎಲ್ಲಾ ಸಲ ಉಳದಿರಂಗಿಲ್ಲ. ನಿಮ್ಮ ಸೊಸಿ ಪುಣ್ಯಾ, ಉಳದದ." ಹೂಂ ರಿ, ಅಂದೆ. ಅಷ್ಟು ಸಣ್ಣ ದನಿ ನಂದು ನಾನೇ ಯಾವತ್ತೂ ಕೇಳಿದ್ದಿಲ್ಲ.

ಪರೀಕ್ಷಾ ಆತು. ಗುಳಗಿ ಹತ್ತತದ ಅಂತ ಬಂತು!

ಅಲ್ಲಿಂದ ಐದು ವರ್ಷ ದಿನಾ ಮುಂಜಾನಿ ಗುಳಗಿ, ನೀರಿನ ತಂಬಗಿ ನಾನೇ ಆಕಿ ಕೈಯಾಗ ಕೊಟ್ಟೆ, ಒಂದು ದಿನಾನೂ ತಪ್ಪಸಲಿಲ್ಲ. ಹ್ವಾದ ತಿಂಗಳು ಕಡೀ ಗುಳಗಿ ನುಂಗಿದ್ಲು. ಗಂಟು ತಿರಗಿ ಬಂದಿಲ್ಲ. ಕೂದಲಾ ಮೊದಲಿನಕಿಂತ ದಟ್ಟ ಬಂದದ. ಖಾಲಿ ಗುಳಗಿ ಪಟ್ಟಿ ನನ್ನ ಕೈಯಾಗ ಇಟ್ಟು ನಕ್ಕೋತ ಕೇಳಿದ್ಲು.

"ಅತ್ಯಾ, ಇದನ್ನೂ ಕಾಗಿಣಾಕ್ಕ ಬಿಟ್ಟು ಬರ್ತೀರೇನು?"

ಈಗ ನೋಡ್ರಿ, ಎದುರು ಮಾತು ದಿನಾ ನಡದಾವ. ನಡೀಲಿ, ನನಗ ಅದೇ ಬೇಕು.

ಅವ್ವಗೋಳ್ರ್ಯಾ, ಅಕ್ಕಗೋಳ್ರ್ಯಾ, ಗಂಟು ಕೈಗೆ ಹತ್ತಿದ್ರ ಮುಚ್ಚಿಡಬ್ಯಾಡ್ರಿ, ಅವತ್ತೇ ನರ್ಸಿಗೆ ತೋರಸ್ರಿ. ದವಾಖಾನಿಯವರು ತುಣುಕು ಬ್ಯಾಂಕಿನ್ಯಾಗ ಇಡತೀವಿ ಅಂತ ಕೇಳಿದ್ರ ಅಂಜಬ್ಯಾಡ್ರಿ. ನಿಮ್ಮ ಮಾತಿನ್ಯಾಗ ತಿಳಿಸಿ ಹೇಳ್ರಿ ಅನ್ರಿ. ಹೆಸರು ಗುಪ್ತ ಇರತದೇನು, ಯಾತಕ್ಕ ಬಳಸತೀರಿ, ಎಲ್ಲಾ ಕೇಳ್ರಿ. ಮನಸ್ಸು ಒಪ್ಪಲಿಲ್ಲಂದ್ರ ಒಲ್ಲೆ ಅನ್ರಿ, ಅದು ನಿಮ್ಮ ಹಕ್ಕು. ಒಪ್ಪಿದ್ರ ಸಹಿ ಮಾಡ್ರಿ. ಮಾಡಿದ ಕಾಗದ ಮಾತ್ರ ಜೋಪಾನ.

ಮತ್ತ ಪದ್ಮಾ ಹೈದರಾಬಾದಿನ್ಯಾಗ ತುಣುಕು ತಿರಗಿ ಕೇಳಲಿಕ್ಕೆ ಹೋದಾಗ, ಉಳದದ್ದು ಅಲ್ಲೇ ಇರ್ಲಿ ಅಂತ ಬರದು ಕೊಟ್ಟು ಬಂದಾಳ. ಮುಂದ ಯಾರ ಮನಿ ಸೊಸಿಗೆ ಬೇಕಾಗತದೋ ಏನೋ, ನಿಮ್ಮ ಮನಿಯಾಕಿಗೂ ಇರಬಹುದು. ಕಾಗಿಣಾಕ್ಕ ಹೂ ಬಿಡ್ರಿ, ದೀಪ ಬಿಡ್ರಿ. ಮೇಣದ ತುಣುಕು ಮಾತ್ರ ಡಾಕ್ಟರ್ ಕೈಯಾಗ ಬಿಡ್ರಿ.