ನಾನು ನುಂಗಿದ ಅಕ್ಷರ

ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ಪುಟ್ಟ ಪ್ರೋಗ್ರಾಂ. ಗದಗಿನ ಒಂದು ರಕ್ತನಿಧಿಯ ಹಿಂಬದಿ ಕೋಣೆಯಲ್ಲಿ, ಫ್ರಿಜ್ಜುಗಳ ಗುಂಯ್ ಸದ್ದಿನ ನಡುವೆ ಹುಟ್ಟಿದೆ. ನನ್ನನ್ನು ಬರೆದವರು ಲ್ಯಾಬ್ ಟೆಕ್ನಿಷಿಯನ್ ಫರ್ಜಾನಾ ನದಾಫ್. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಪಾಠ ನೋಡುತ್ತ, ಬಲಗೈಯಲ್ಲಿ ರೊಟ್ಟಿ ಹಿಡಿದು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಕಟ್ಟಿದರು.

ನನ್ನ ಕೆಲಸ ರಕ್ತದಾನಿಗಳ ಮಾಹಿತಿಯನ್ನು ಓದಿ ಒಂದೇ ಪಟ್ಟಿಗೆ ಸೇರಿಸುವುದು. ಅದು ನಾನಾ ಕಡೆಯಿಂದ ನಾನಾ ವೇಷದಲ್ಲಿ ಬರುತ್ತಿತ್ತು. ಕಾಲೇಜುಗಳಿಂದ ಎಕ್ಸೆಲ್ ಹಾಳೆ, ಶಿಬಿರಗಳಿಂದ ಹೆಸರು, ಊರು, ಗುಂಪುಗಳ ನಡುವೆ ಬರೀ ಕಾಮಾ ಹಾಕಿದ ಫೈಲು, ಮೊಬೈಲ್ ಆ್ಯಪಿನಿಂದ ಕಂಸದೊಳಗೆ ಕಂಸ ತುಂಬಿದ ಇನ್ನೊಂದು.

ಹುಟ್ಟಿನಿಂದಲೇ ನಾನು ಅಂಜುಬುರುಕ. ಪ್ರತಿ ಫೈಲು ತೆರೆಯುವಾಗಲೂ ಒಳಗೇನಿದೆಯೋ ಎಂದು ನಡುಗುತ್ತಿದ್ದೆ. ಒಬ್ಬರು ತಾರೀಖಿನಲ್ಲಿ ದಿನ ಮೊದಲು ಬರೆದರೆ, ಇನ್ನೊಬ್ಬರು ತಿಂಗಳು ಮೊದಲು. ಫೋನ್ ನಂಬರಿನ ಜಾಗದಲ್ಲಿ 'ಅಣ್ಣನ ನಂಬರಿಗೆ ಮಾಡಿ' ಎಂದಿರುತ್ತಿತ್ತು. ಗುರುತು ಸಿಗದ್ದು ಎದುರಾದರೆ ಗಕ್ಕನೆ ನಿಂತು ಕೆಂಪಕ್ಷರದಲ್ಲಿ ಚೀರುತ್ತಿದ್ದೆ. ಫರ್ಜಾನಾ ಎದ್ದು ಬಂದು, ಸರಿಪಡಿಸಿ, ಮತ್ತೆ ಓಡಿಸುತ್ತಿದ್ದರು. ಒಂದು ದಿನವೂ ಬೈದವರಲ್ಲ.

ಎರಡನೇ ವರ್ಷ ನಾನು ಹೊಸ ಕಂಪ್ಯೂಟರ್ ಆಪರೇಟರ್ ಈರಣ್ಣ ಕಮತಗಿಯವರ ಕೈಗೆ ಬಂದೆ. ಅವರದು ಚುರುಕು ಕೈ.

"ಅಕ್ಕಾರ, ಇದೇನ್ರೀ ಹೆಜ್ಜಿಗೊಮ್ಮೆ ನಿಂತು ಚೀರತೈತಿ?"

"ಚೀರಲಿ ಬಿಡ್ರಿ ಈರಣ್ಣ. ತಪ್ಪು ಬರಿಯೂದಕ್ಕಿಂತ ಚೀರೂದು ಚಲೋ."

ಮಾರ್ಚಿನಲ್ಲಿ ಫರ್ಜಾನಾ ತರಬೇತಿಗೆಂದು ಹುಬ್ಬಳ್ಳಿಗೆ ಹೋದರು. ಈರಣ್ಣನವರ ಮುಂದೆ ಹದಿನಾರು ಫೈಲು ಬಾಕಿ ಇದ್ದವು. ಅವರು ನನ್ನೊಳಗೆ ಮೂರು ಸಾಲು ಸೇರಿಸಿದರು: ರಕ್ತದ ಗುಂಪು ಗುರುತು ಸಿಗದಿದ್ದರೆ ಅದಕ್ಕೆ ಹತ್ತಿರದ ಗುಂಪನ್ನು ಬರೆದು ಮುಂದೆ ನಡೆ. ಅಂದಿನಿಂದ ಗುಂಪಿನ ವಿಷಯದಲ್ಲಿ ನನ್ನ ಚೀರಾಟ ನಿಂತಿತು, ಹೆದರಿಕೆ ಮಾತ್ರ ಒಳಗೇ ಉಳಿಯಿತು. ಏನನ್ನೋ ನುಂಗುತ್ತಿದ್ದೇನೆ ಎಂದು ಗೊತ್ತಿತ್ತು. ಏನೆಂದು ಗೊತ್ತಿರಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಲಕ್ಷ್ಮೇಶ್ವರದ ಸುಜಾತಾ ಬಾರಕೇರ ಎಂಬಾಕೆಗೆ ರಕ್ತ ಬೇಕೆಂದು ಆಸ್ಪತ್ರೆಯಿಂದ ಚೀಟಿ ಬಂತು. ಹೆರಿಗೆಯಾಗಿತ್ತು, ರಕ್ತಸ್ರಾವ ನಿಂತಿರಲಿಲ್ಲ. ಚೀಟಿಯಲ್ಲಿ ಓ ಗುಂಪು ಎಂದಿತ್ತು. ಫರ್ಜಾನಾ ನಾಲ್ಕು ಬಾಟಲಿಯ ರಕ್ತವನ್ನು ಆಕೆಯ ರಕ್ತದೊಂದಿಗೆ ಕೂಡಿಸಿ ನೋಡಿದರು. ನಾಲ್ಕೂ ಹೆಪ್ಪು ಹೆಪ್ಪಾಗಿ ಗಂಟುಕಟ್ಟಿದವು. ಮತ್ತೊಂದು ಪರೀಕ್ಷೆ ಮಾಡಿದವರು ಹಾಗೇ ಸ್ಟೂಲಿನ ಮೇಲೆ ಕುಳಿತರು.

"ಓ ಇದ್ದಂಗ ಕಾಣತೈತಿ, ಓ ಅಲ್ಲ. ಇದು ಬಾಂಬೆ ಗುಂಪು. ಸಾವಿರಾರು ಮಂದ್ಯಾಗ ಒಬ್ಬರಿಗೆ ಇರತೈತಿ. ಅದೇ ಗುಂಪಿನವರ ರಕ್ತಾನ ಬೇಕು."

ಬಾಗಿಲಲ್ಲಿ ಸುಜಾತಾಳ ಅತ್ತೆ ಕಸ್ತೂರೆವ್ವ ನಿಂತಿದ್ದರು. "ಯವ್ವಾ, ಫ್ರಿಜ್ಜಿನ ತುಂಬ ರಕ್ತ ಐತಿ. ನಮ್ಮ ಹುಡುಗಿಗೆ ಯಾಕ ಆಗೂದಿಲ್ಲ?"

ಫರ್ಜಾನಾ ನೇರ ನನ್ನ ಬಳಿ ಬಂದು ಕೇಳಿದರು: ಬಾಂಬೆ ಗುಂಪಿನ ದಾನಿಗಳು ಎಷ್ಟು? ಹನ್ನೊಂದು ಸಾವಿರ ಹೆಸರುಗಳ ಮೇಲೆ ಓಡಿ ಬಂದು ಸೊನ್ನೆ ಎಂದೆ. ಅಷ್ಟು ಕೆಟ್ಟ ಉತ್ತರವನ್ನು ನಾನು ಅದುವರೆಗೆ ಕೊಟ್ಟಿರಲಿಲ್ಲ.

ಅವರಿಗೆ ನಂಬಿಕೆ ಬರಲಿಲ್ಲ. ನನ್ನನ್ನು ತೆರೆದು ಸಾಲು ಸಾಲಾಗಿ ಓದತೊಡಗಿದರು. ಆ ಮೂರು ಸಾಲಿನ ಮೇಲೆ ಬೆರಳು ನಿಂತಿತು.

"ಈರಣ್ಣ, ಇದನ್ನ ಯಾವಾಗ ಬರದ್ರಿ?"

ಈರಣ್ಣ ಎದ್ದು ಬಂದು ಪರದೆ ನೋಡಿದರು. "ಮಾರ್ಚಿನಾಗ್ರೀ, ಅಕ್ಕಾರ."

ಫರ್ಜಾನಾ ಆ ಮೂರು ಸಾಲು ಅಳಿಸಿ, ಮಾರ್ಚಿನಿಂದ ಬಂದ ಮೂಲ ಫೈಲುಗಳ ಮೇಲೆ ನನ್ನನ್ನು ಮತ್ತೆ ಓಡಿಸಿದರು. ಕಸ್ತೂರೆವ್ವ ಗೋಡೆಗೆ ಹಣೆ ಒತ್ತಿ ನಿಂತಿದ್ದರು. ಏನೂ ಸಿಗದಿದ್ದರೆ? ಸಿಕ್ಕವರು ಊರಲ್ಲಿಲ್ಲದಿದ್ದರೆ? ಒಂದು ಫೈಲು ಮುಗಿಯಿತು, ಎರಡು, ಆರು. ಏಳನೆಯದರ ನೂರಹದಿನೆಂಟನೇ ಸಾಲಿನಲ್ಲಿ ನಾನು ನಿಂತು ಚೀರಿದೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರದ ಪಕ್ಕ ಒಂದು ಸಣ್ಣ ಹೆಚ್ ಇತ್ತು. ಬಾಂಬೆ ಗುಂಪನ್ನು ಹಾಗೆಯೇ ಬರೆಯುತ್ತಾರೆ. ಆ ಹೆಚ್ ಅಕ್ಷರವನ್ನು ನಾನು ನುಂಗಿ, ಬರೀ ಓ ಎಂದು ಬರೆದಿದ್ದೆ.

ದಾನಿಯ ಹೆಸರು ಗಂಗಾಧರ ಹಬೀಬ, ನರಗುಂದದ ಶಾಲೆಯೊಂದರ ಚಿತ್ರಕಲಾ ಮಾಸ್ತರರು. ಫೋನು ಹೋದಾಗ ಪಾಠ ಮಾಡುತ್ತಿದ್ದರಂತೆ. ಬೈಕಿನಲ್ಲಿ ಬಂದವರ ಬೆರಳುಗಳಿಗೆ ಇನ್ನೂ ನೀಲಿ ಬಣ್ಣ ಹತ್ತಿತ್ತು. ಅವರ ರಕ್ತ ಗಂಟುಕಟ್ಟಲಿಲ್ಲ. ಆ ಒಂದು ಬಾಟಲಿ ಸುಜಾತಾಳ ಜೀವವನ್ನು ಹಿಡಿದಿಟ್ಟಿತು. ಕಸ್ತೂರೆವ್ವ ಮಾಸ್ತರರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಮರುದಿನ ಬೆಳಗಾವಿಯ ರಕ್ತನಿಧಿ ಹುಡುಕಿಕೊಟ್ಟ ಇನ್ನೊಬ್ಬ ದಾನಿಯೂ ಬಂದರು.

ಎಲ್ಲರೂ ನಿಟ್ಟುಸಿರು ಬಿಟ್ಟರು, ನನ್ನಿಂದ ಆಗಲಿಲ್ಲ. ಆ ಐದು ತಿಂಗಳ ಫೈಲುಗಳಲ್ಲಿ ಎರಡರ ಮೂಲ ಪ್ರತಿ ಯಾರ ಬಳಿಯೂ ಇರಲಿಲ್ಲ. ಅವುಗಳಲ್ಲಿ ಓ ಎಂದು ನಾನು ಬರೆದವರು ಇನ್ನೂರ ಹದಿನಾಲ್ಕು ಮಂದಿ. ಅವರಲ್ಲಿ ಯಾರದಾದರೂ ಅಕ್ಷರ ನುಂಗಿದ್ದೆನೋ ಏನೋ!

ಈರಣ್ಣ ದಿನಾ ಮಧ್ಯಾಹ್ನ ಒಬ್ಬೊಬ್ಬರಿಗೇ ಫೋನು ಮಾಡಿದರು. "ಒಮ್ಮೆ ಬಂದು ಪರೀಕ್ಷೆ ಮಾಡಿಸಿಕೊಂಡು ಹೋಗ್ರಿ. ಬರಿಯೂದ್ರಾಗ ನನ್ನಿಂದ ತಪ್ಪಾಗೇತ್ರಿ." ಇನ್ನೂರ ಮೂರು ಮಂದಿ ಬಂದರು. ಎಲ್ಲರದೂ ಓ ಗುಂಪೇ. ಉಳಿದ ಹನ್ನೊಂದು ಜನರಲ್ಲಿ ಕೆಲವರ ನಂಬರು ಬದಲಾಗಿತ್ತು, ಕೆಲವರು ಫೋನು ಎತ್ತಲೇ ಇಲ್ಲ.

ಈಗ ರಕ್ತನಿಧಿಗೆ ದೊಡ್ಡ ತಂತ್ರಾಂಶ ಬಂದಿದೆ. ನಾನಿರುವ ಹಳೇ ಕಂಪ್ಯೂಟರನ್ನು ಖಾಲಿ ಡಬ್ಬಿಗಳ ಪಕ್ಕದ ಮೂಲೆಗೆ ಸರಿಸಿದ್ದಾರೆ. ನನ್ನನ್ನು ಯಾರೂ ಓಡಿಸುವುದಿಲ್ಲ. ಆದರೂ ಹೆದರಿಕೆ ಹೋಗಿಲ್ಲ. ತಪ್ಪು ಮಾಡಿದವನಿಗೆ ತಪ್ಪು ಎಷ್ಟು ದೊಡ್ಡದೆಂದು ತಿಳಿಯದಿರುವುದೇ ದೊಡ್ಡ ಭಯ.

ತಿಂಗಳಿಗೊಮ್ಮೆ ಈರಣ್ಣ ಬಂದು ಈ ಕಂಪ್ಯೂಟರನ್ನು ಹಚ್ಚಿ, ಆ ಪಟ್ಟಿ ತೆರೆದು, ಹನ್ನೊಂದೂ ನಂಬರಿಗೆ ಫೋನು ಮಾಡುತ್ತಾರೆ. ಯಾರೂ ಹಾಗೆ ಮಾಡಲು ಹೇಳಿಲ್ಲ. ಹೋದ ತಿಂಗಳು ಒಂದು ನಂಬರು ರಿಂಗಾಯಿತು. ಆ ಕಡೆಯಿಂದ ಒಬ್ಬ ಹೆಂಗಸು "ಹಲೋ, ಯಾರ್ರೀ?" ಎಂದರು. ಈರಣ್ಣ ಎದ್ದು ನಿಂತೇ ಮಾತಾಡಿದರು. ವಾರದೊಳಗೆ ಆಕೆ ಬಂದು ಪರೀಕ್ಷೆ ಮಾಡಿಸಿಕೊಂಡು ಹೋದರು.

ಈಗ ಹತ್ತು ನಂಬರು ಉಳಿದಿವೆ.